ಗಡ್ಡೆಯ ಅರ್ಜಿ

ವನಮಾಲಮ್ಮನ ಗರ್ಭಕಂಠದ ಕ್ಯಾನ್ಸರ್ ಗಡ್ಡೆ ಬೆಳಿಗ್ಗೆ ಎಂಟಕ್ಕೇ ಹೊಸ ರಕ್ತನಾಳಕ್ಕೆ ಅರ್ಜಿ ಹಾಕಿತು. ಅದು ಬಿಡುವ ಪ್ರೋಟೀನ್ ಸಂಕೇತವನ್ನು ಆಸ್ಪತ್ರೆ ಮಂಚದ ಪಕ್ಕದ ಅನುವಾದ ಪೆಟ್ಟಿಗೆ ಎಂದಿನಂತೆ ಮಾತಾಗಿಸಿ, ಕಾಗದ ಸಮೇತ ಹೊರಕ್ಕೆ ತಳ್ಳಿತು. ದೇಹದ ಮಾಲೀಕರು ಆಕ್ಷೇಪಣೆ ಎತ್ತದಿದ್ದರೆ ಅರ್ಜಿ ತಾನಾಗಿಯೇ ಮಂಜೂರು. ನಾಳ ಸಿಕ್ಕರೆ ಗಡ್ಡೆ ಆಪರೇಷನ್ನಿಗೂ ನಿಲುಕದಷ್ಟು ಬೆಳೆಯುತ್ತದೆ.

ಆಕ್ಷೇಪಣೆ ಎತ್ತುವುದರಲ್ಲಿ ವನಮಾಲಮ್ಮ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಪಳಗಿದವರು. ಮೂರು ವಾರದಿಂದ ಗಡ್ಡೆಯನ್ನು ಅಲೆದಾಡಿಸುತ್ತಿದ್ದರು.

"ಮೇಡಂ, ಮೂರು ಪ್ರತಿ ತಂದಿದೀನಿ. ನಕ್ಷೆನೂ ಇದೆ."

"ಅಕ್ಕಪಕ್ಕದವರ ಒಪ್ಪಿಗೆ ಪತ್ರ ಎಲ್ಲಪ್ಪಾ?"

"ಮೂತ್ರಕೋಶದವರೇ ಸಹಿ ಹಾಕಿಕೊಟ್ರು, ನೋಡಿ."

ವನಮಾಲಮ್ಮ ಕಾಗದವನ್ನು ಎರಡೆರಡು ಸಲ ತಿರುವಿ ನೋಡಿದರು. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ.

ಅಷ್ಟರಲ್ಲಿ ನರ್ಸ್ ಜರೀನಾ ಸ್ಟ್ರೆಚರ್ ತಳ್ಳಿಕೊಂಡು ಬಂದಳು. "ಏಳಿ ಅಮ್ಮಾ, ಆಪರೇಷನ್ ಥಿಯೇಟರ್‌ನಲ್ಲಿ ಡಾಕ್ಟ್ರು ಕಾಯ್ತಿದಾರೆ."

ವನಮಾಲಮ್ಮ ಕನ್ನಡಕ ಕಳಚಿ, ಪೆಟ್ಟಿಗೆಯತ್ತ ಬಾಗಿದರು.

"ಎಲ್ಲಾ ಸರಿಯಾಗಿದೆ ಕಣಪ್ಪಾ. ಸ್ಥಳ ತನಿಖೆ ಒಂದು ಬಾಕಿ. ಸಾಹೇಬ್ರು ಈಗಲೇ ಬರ್ತಾರೆ, ಎಲ್ಲೂ ಹೋಗ್ಬೇಡ."

"ಬಹಳ ಉಪಕಾರ ಆಯ್ತು ಮೇಡಂ," ಎಂದಿತು ಗಡ್ಡೆ.