ಏಳು, ಹನ್ನೆರಡು ಮತ್ತು ಮಸುಕು ಗೆರೆ

“ಏಳು, ಹನ್ನೆರಡು. ಇವೆರಡನ್ನೂ ಹೊಡೆದುಹಾಕಿ ಮೇಡಂ,” ಎಂದು ಸಂಶೋಧನಾ ವಿದ್ಯಾರ್ಥಿನಿ ರಕ್ತಪರೀಕ್ಷೆಯ ಸ್ಟ್ರಿಪ್‌ಗಳ ತಟ್ಟೆಯನ್ನು ತನ್ನ ಗೈಡ್ ಮೇಡಂ ಮೇಜಿನ ಮೇಲಿಟ್ಟಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಆ ವರ್ಷದಲ್ಲಿ ಅದೇ ಮೊದಲು.

ಸಿಟ್ಟಿಗೆ ಕಾರಣವಿತ್ತು. ಚಿನ್ನದ ನ್ಯಾನೋ ಕಣಗಳನ್ನು ಹಚ್ಚಿದ ಸ್ಟ್ರಿಪ್ ಅದು. ಒಂದು ಹನಿ ರಕ್ತ ಬಿಟ್ಟರೆ ಹತ್ತು ನಿಮಿಷದಲ್ಲಿ ಕೆಂಪು ಗೆರೆ. ರಕ್ತದಲ್ಲಿ ಒತ್ತಡದ ಹಾರ್ಮೋನು ಹೆಚ್ಚಿದಷ್ಟೂ ಗೆರೆ ಮಸುಕು. ಹನ್ನೆರಡು ಜನರಲ್ಲಿ ಹತ್ತು ಜನರ ಗೆರೆ ದಿನವೂ ಒಂದೇ ಸಮ. ಈ ಇಬ್ಬರದು ಮಾತ್ರ ಸೋಮವಾರ, ಗುರುವಾರ ಮಸುಕೋ ಮಸುಕು. ಇವತ್ತು ಹನ್ನೊಂದು ಗಂಟೆಗೆ ಪಿಎಚ್‌ಡಿ ಪರೀಕ್ಷಕರು ಬರುತ್ತಾರೆ. ಸ್ಟ್ರಿಪ್ಪೇ ಸುಳ್ಳು ಅಂದುಬಿಟ್ಟರೆ ಅವಳ ಮೂರು ವರ್ಷ ಮಣ್ಣುಪಾಲು.

ರಕ್ತ ಬಿಟ್ಟ ಸ್ಟ್ರಿಪ್‌ಗಳಿಗೆ ನಂಬರು ಅಂಟಿಸುತ್ತಿದ್ದವರು ಮೇಡಂ; ಯಾರ ನಂಬರು ಯಾವುದೆಂದು ಬರೆದ ಚೀಟಿ ಅವರ ಲಕೋಟೆಯೊಳಗಿತ್ತು. ಜನ ಸಾಲದೆ, ಕಾವಲುಗಾರನಿಂದ ಹಿಡಿದು ಇಡೀ ಲ್ಯಾಬೇ ಬೆರಳು ಕೊಟ್ಟಿತ್ತು.

“ಸೋಮವಾರ, ಗುರುವಾರ ರಕ್ತ ತೆಗೆಯೋ ಸಿಸ್ಟರ್‌ಗೆ ರಜೆ. ಚುಚ್ಚೋದು ನಾವಿಬ್ಬರು,” ಎಂದ ಯಂತ್ರ ರಿಪೇರಿಯವನು ಬಾಗಿಲಲ್ಲೇ ನಿಂತು. “ನನ್ನ ಕೈಯೇ ಸರಿಯಿಲ್ವೇನೋ.”

“ನಿಮ್ಮ ಕೈ ಚೆನ್ನಾಗೇ ಇದೆ,” ಎಂದವಳು ನಾಲಿಗೆ ಕಚ್ಚಿಕೊಂಡಳು. “ಅಂದ್ರೆ... ಉಳಿದವರಿಗೆ ಏನೂ ಆಗಿಲ್ಲವಲ್ಲ. ಈ ಏಳು ಯಾರೋ ಪುಕ್ಕಲು.”

“ಏಳಾದರೂ ವಾಸಿ. ಹನ್ನೆರಡರಲ್ಲಿ ಗೆರೆಯ ಗುರುತೇ ಇಲ್ಲ. ಹಿಂದಿನ ದಿನದಿಂದಲೇ ನಡುಗ್ತಾ ಬರೋ ಆಸಾಮಿ.”

“ಪಾಪ, ಧೈರ್ಯ ಹೇಳೋರು ಯಾರೂ ಇಲ್ಲ ಅನ್ಸುತ್ತೆ.”

ಇಬ್ಬರೂ ನಕ್ಕರು. ಅವನ ನಗು ನಿಲ್ಲುವವರೆಗೆ ಅವಳು ತಟ್ಟೆಯಲ್ಲಿದ್ದ ಹನ್ನೆರಡು ಸ್ಟ್ರಿಪ್ ಎಣಿಸಿದಳು. ಹದಿಮೂರು ಬಂತು.

“ಹೊಡೆದುಹಾಕೋ ಮೊದಲು ಯಾರು ಅಂತ ನೋಡೋಣ,” ಎಂದು ಮೇಡಂ ಲಕೋಟೆ ಹರಿದರು. ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಹತ್ತು ಜನರ ಬೆರಳು ನೀವು ಚುಚ್ಚಿದ್ರಿ, ಸರಿ. ನಿಮ್ಮಿಬ್ಬರದು ಯಾರು ಚುಚ್ಚಿದ್ದು?”

“ಇವರದು ನಾನು,” ಎಂದರು ಇಬ್ಬರೂ ಒಟ್ಟಿಗೆ.

“ಸ್ಟ್ರಿಪ್ ಸರಿಯಾಗಿದೆ ಕಣಮ್ಮಾ. ಪರೀಕ್ಷಕರಿಗೆ ಹೇಗೆ ವಿವರಿಸೋದು ಅಂತ ಮಾತ್ರ ನೀವಿಬ್ಬರೇ ಕೂತು ಯೋಚಿಸಿ.” ಮೇಡಂ ಚೀಟಿಯನ್ನು ಅವರತ್ತ ಸರಿಸಿ, ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

ಏಳರ ಮುಂದೆ ಅವನ ಹೆಸರಿತ್ತು. ಹನ್ನೆರಡರ ಮುಂದೆ ಅವಳದು.