ಎಫರ್ವೆಸೆಂಟ್ ಅಂದರೆ

“ನನ್ನನ್ನ ಮದುವೆ ಆಗ್ತೀರಾ?”

ಹೆಡ್‌ಫೋನಿನಲ್ಲಿ ಈ ಮಾತು ಕೇಳಿಸಿದಾಗ ನೇರಪ್ರಸಾರಕ್ಕೆ ಅರ್ಧ ನಿಮಿಷವೂ ಇರಲಿಲ್ಲ. ರೇಡಿಯೋ ನಿರೂಪಕಿ ತಲೆಯೆತ್ತಿ ಗಾಜಿನಾಚೆ ನೋಡಿದಳು. ಸೌಂಡ್ ಎಂಜಿನಿಯರ್ ತನ್ನ ಗುಂಡಿಗಳನ್ನೇ ದಿಟ್ಟಿಸುತ್ತ ಕೂತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

“ಏನ್ರೀ ಇದು! ಹೊತ್ತು ಗೊತ್ತು ಬೇಡ್ವಾ?”

“ಬೇರೆ ಯಾವಾಗ ಬಾಯಿ ತೆರೆದ್ರೂ ಕೆಲಸ ಇದೆ ಅಂತ ಎದ್ದು ಹೋಗ್ತೀರಿ. ಈಗ ಹೋಗೋಕಾಗಲ್ಲ.”

ಕೆಂಪು ದೀಪ ಹತ್ತಿತು.

ನಲವತ್ತೇಳರ ಈ ಹೆಂಗಸಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ‘ಇಸ್ತ್ರಿ ಮೇಡಂ’. ಸ್ಟುಡಿಯೋದ ಚಾವಣಿ ಕುಸಿದು ಬಿದ್ದರೂ ಆ ದನಿಯಲ್ಲಿ ಒಂದು ಸುಕ್ಕು ಬೀಳದು ಎನ್ನುತ್ತಿದ್ದರು. ಎಂಜಿನಿಯರನೆಂದರೆ ಅವಳಿಗೂ ಇಷ್ಟವೇ. ಈ ವಯಸ್ಸಿನಲ್ಲಿ ಮದುವೆಯೆಂದರೆ ಊರೆಲ್ಲ ನಗುತ್ತದೆಂದು ಹೆದರಿ ಎದ್ದು ಹೋಗುತ್ತಿದ್ದಳು, ಅಷ್ಟೆ.

“ನಮಸ್ಕಾರ. ದಿನಕ್ಕೊಂದು ಪದ ಕಾರ್ಯಕ್ರಮಕ್ಕೆ ಸ್ವಾಗತ. ಇಂದಿನ ಇಂಗ್ಲಿಷ್ ಪದ, ಎಫರ್ವೆಸೆಂಟ್.” ದನಿ ನೆಟ್ಟಗೇ ಇತ್ತು. “ಇದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಕುದಿದು ಹೊರಗೆ ಉಕ್ಕುವುದು ಎಂದು ಮೂಲಾರ್ಥ. ಮೊದಮೊದಲು ಗುಳ್ಳೆಯೇಳುವ ದ್ರವಗಳಿಗೆ ಮಾತ್ರ ಹೀಗನ್ನುತ್ತಿದ್ದರು. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಬುಸ್ಸೆಂದು...”

ಬುಸ್ಸೆನ್ನುವಾಗ ಕಣ್ಣು ಗಾಜಿನತ್ತ ಹೋಯಿತು. ಅದೇ ತಪ್ಪಾಯಿತು. ಅವನು ಗಾಬರಿಯಲ್ಲಿ ಕನ್ನಡಕ ಒರೆಸಿ ತಲೆಕೆಳಗಾಗಿ ಹಾಕಿಕೊಂಡಿದ್ದ. ಅದು ಅವನಿಗೆ ಗೊತ್ತೇ ಇರಲಿಲ್ಲ.

ಅವಳಿಗೆ ಒಳಗಿನಿಂದ ನಗು ಉಕ್ಕತೊಡಗಿತು. ತುಟಿ ಕಚ್ಚಿದಳು. ನೀರು ಕುಡಿದಳು. ನೀರು ನೆತ್ತಿಗೇರಿತು. “ಕೇಳುಗರೇ, ಆಮೇಲೆ ಈ ಪದ ಮನುಷ್ಯರ ಬಗ್ಗೆಯೂ ಬಳಕೆಗೆ ಬಂತು. ಒಳಗಿನ ಖುಷಿಯನ್ನು ಎಷ್ಟು ಅದುಮಿ ಹಿಡಿದರೂ...”

ಅಲ್ಲಿಗೆ ಕಟ್ಟೆಯೊಡೆಯಿತು. ಮೇಜು ತಟ್ಟಿ, ಮೈಕಿನ ಮೇಲೆಯೇ ಬಾಗಿ, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕಳು. ಅಡುಗೆಮನೆಗಳಲ್ಲಿ, ಬಸ್ಸುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಆ ನಗು ಕೇಳಿಸಿತು. ಕತ್ತರಿ ಹಿಡಿದವರೂ ಕತ್ತು ಕೊಟ್ಟವರೂ ಕಾರಣ ತಿಳಿಯದೆ ನಕ್ಕರು. ತಟ್ಟನೆ ಒಂದು ಹಾಡು ಹಾಕಿ ಅವಳ ಮಾನ ಉಳಿಸುವುದು ಎಂಜಿನಿಯರನ ಕೆಲಸ. ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲು ಮನಸ್ಸು ಬರಲಿಲ್ಲ.

“ಕ್ಷಮಿಸಿ. ಬಳಕೆಗೊಂದು ಉದಾಹರಣೆ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಗ ನೇರವಾಗಿ ಗಾಜಿನಾಚೆಗೇ ನೋಡುತ್ತಿದ್ದಳು. “ಅವರು ಕೇಳಿದರು. ಅವಳು ಆಗ್ತೀನಿ ಅಂದಳು. ಅನ್ನುವಾಗ ಅವಳು ತುಂಬಾ, ತುಂಬಾ ಎಫರ್ವೆಸೆಂಟ್ ಆಗಿದ್ದಳು.”

ಹಾಡು ಶುರುವಾಯಿತು. ಯಾವ ಹಾಡೆಂದು ಹಾಕಿದವನಿಗೂ ಗೊತ್ತಿರಲಿಲ್ಲ. ಎಳೆಯಬೇಕಾದ ಬಾಗಿಲನ್ನು ತಳ್ಳಿ, ಹಣೆ ಬಡಿಸಿಕೊಂಡು, ಕೊನೆಗೂ ಎಳೆದು ಅವನು ಒಳಗೆ ಬಂದ.

“ನಿಜವಾಗ್ಲೂನಾ? ಇಲ್ಲಾ ಬರೀ ಉದಾಹರಣೆನಾ?”

“ಮೊದಲು ಕನ್ನಡಕ ಸರಿಯಾಗಿ ಹಾಕ್ಕೊಳ್ರೀ!”

ಅಷ್ಟರಲ್ಲಿ ಅವಳ ಫೋನು ಗುಂಯ್‌ಗುಟ್ಟಿತು. ಅಮ್ಮ! ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ಎತ್ತಿದಳು.

“ಅಮ್ಮಾ, ಅದು ಪದದ ಅರ್ಥ ಹೇಳೋಕೆ ಹೋಗಿ...”

“ಅರ್ಥ ಎಲ್ಲಾ ಆಯ್ತು ಕಣೇ,” ಅಮ್ಮ ನಡುವೆಯೇ ತಡೆದಳು. “ಕೇಳಿದರು ಅಂದೆಯಲ್ಲ, ಅವರ ಕೈಗೆ ಫೋನ್ ಕೊಡು.”