ಬೆಂಗ್ರೆಯ ಎರಡನೆಯ ಸುತ್ತು

ಮೊದಲ ಏಟು ದೋಣಿಯ ಹುಟ್ಟಿನದು, ಕೆವಿನ್‌ನ ಭುಜಕ್ಕೆ ಬಿತ್ತು. ಎರಡನೆಯದು ಕಲ್ಲಿನದು, ಬಾಯಿಗೆ. "ಸರ್ವೇ, ಸರ್ವೇ" ಎಂದು ಕೂಗುತ್ತಿದ್ದವನ ದನಿ ಅಲ್ಲಿಗೆ ನಿಂತಿತು. ಆಮೇಲೆ ಒದೆಯುವ ಕಾಲುಗಳು ಮಾತ್ರ. ಹರಿದ ಚೀಲದಿಂದ ಚಾಕಲೇಟುಗಳೂ ಪ್ರಶ್ನೆಪತ್ರಗಳೂ ಮರಳಿನ ಮೇಲೆ ಚೆಲ್ಲಿದವು.

ಪ್ರೊಫೆಸರ್ ಡೆನಿಸ್ ಫೋನನ್ನು ಜೇಬಿಗಿಟ್ಟರು. ನಲವತ್ತೇಳು ಸೆಕೆಂಡಿನ ವಿಡಿಯೊ ಅದು. ಬೆಂಗ್ರೆಯ ಫೆರಿ ಹೊಳೆ ದಾಟುವಷ್ಟರಲ್ಲಿ ಮೂರು ಸಲ ನೋಡಿದ್ದರು. ಕೆವಿನ್ ಅವರ ಅಕ್ಕನ ಒಬ್ಬನೇ ಮಗ, ಅವರ ಕೈಕೆಳಗೇ ಸಂಶೋಧನೆ ಮಾಡುತ್ತಿದ್ದ ಹುಡುಗ. ಫಳ್ನೀರಿನ ಆಸ್ಪತ್ರೆಯಲ್ಲಿ ಮೂರು ದಿನ ಒದ್ದಾಡಿ ತೀರಿಕೊಂಡ. ಹೊಡೆದ ಎಂಟು ಮಂದಿ ಜೈಲಿನಲ್ಲಿದ್ದರು. ಅಕ್ಕ ಮಾರ್ಸೆಲಿನ್‌ಗೆ ಅದು ಸಾಕಾಗಲಿಲ್ಲ.

"ಹೊಡೆದವರು ಸಿಕ್ಕಿದ್ರು. ಮಕ್ಕಳ ಕಳ್ಳ ಅಂತ ಮೊದಲು ಹೇಳಿದವನು ಯಾರು?" ಎಂದಿದ್ದಳು, ಮಣ್ಣು ಹಾಕಿ ಬಂದ ಸಂಜೆ. "ಅವನ ಹೆಸರು ತಾ ಡೆನಿಸ್. ಪೊಲೀಸರಿಗಲ್ಲ, ನನಗೆ."

ಡೆನಿಸ್ ತಲೆಯಾಡಿಸಿದ್ದರು. ಈಗ ಅವರ ಚೀಲದಲ್ಲಿ ಕಾರಿನ ವೀಲ್ ಸ್ಪಾನರ್ ಇತ್ತು. ಮೂವತ್ತು ವರ್ಷ ಅಪರಾಧಶಾಸ್ತ್ರ ಕಲಿಸಿದ ಮನುಷ್ಯ! ಜನ ಪೊಲೀಸರನ್ನು ಎಷ್ಟು ನಂಬುತ್ತಾರೆ, ಯಾವಾಗ ಕಾನೂನನ್ನು ಕೈಗೆತ್ತಿಕೊಳ್ಳುತ್ತಾರೆ ಎಂಬುದೇ ಅವರ ಅಧ್ಯಯನ. ನಗರದ ಮೂವತ್ತೆರಡು ವಾರ್ಡು, ವಾರ್ಡಿಗೊಂದು ಕಲ್ಪಿತ ಸನ್ನಿವೇಶ, ಅದರ ಮೇಲೊಂದು ಪ್ರಶ್ನೆ. ಸರಗಳ್ಳ ಸಿಕ್ಕಿಬಿದ್ದರೆ ಕುಲಶೇಖರದವರು ಏನು ಮಾಡುತ್ತಾರೆ, ಕಾರು ಗುದ್ದಿ ಓಡಿದವನನ್ನು ಫಳ್ನೀರಿನವರು ಏನು ಮಾಡುತ್ತಾರೆ. ಒಂದಕ್ಷರ ಆಚೀಚೆ ಆಗದಂತೆ ಪ್ರತಿ ಮನೆಯಲ್ಲೂ ಓದಬೇಕು, ಇಲ್ಲದಿದ್ದರೆ ಉತ್ತರ ಕೆಡುತ್ತದೆ ಎಂದು ಕೆವಿನ್‌ಗೆ ಕಲಿಸಿದವರು ಅವರೇ. ಒಂದು ವಾರ್ಡು ಮುಗಿಸಿದ ಮರುದಿನವೇ ಅಲ್ಲಿ ಓದಿದ್ದನ್ನು ಅವರು ಮರೆಯುತ್ತಿದ್ದರು. ಅವರಿಗೆ ಬೇಕಿದ್ದುದು ಉತ್ತರಗಳ ಅಂಕಿಸಂಖ್ಯೆ ಮಾತ್ರ.

ಬೆಂಗ್ರೆಯ ಮೊದಲ ಸುತ್ತನ್ನು ಮಾರ್ಚ್‌ನಲ್ಲಿ ತಾವೇ ಮುಗಿಸಿದ್ದರು. ಎರಡನೆಯ ಸುತ್ತಿಗೆ ಮಂಡಿನೋವೆಂದು ಕೆವಿನ್‌ನನ್ನು ಕಳಿಸಿದರು. ತಾಯಂದಿರು ಉತ್ತರ ಹೇಳುವಾಗ ಮಕ್ಕಳು ಗಲಾಟೆ ಮಾಡುತ್ತವೆಂದು ಚಾಕಲೇಟು ಕೊಡಿಸಿದ್ದೂ ಅವರೇ. ಆ ಪಾಪ ಅವರನ್ನು ಎಂಟು ದಿನಗಳಿಂದ ಸುಡುತ್ತಿತ್ತು.

ಎರಡು ದಿನದಲ್ಲಿ ಆರು ಜನರನ್ನು ವಿಚಾರಿಸಿದ್ದರು. ಒಂದು ಸಂಗತಿ ಅವರನ್ನು ಚುಚ್ಚುತ್ತಿತ್ತು. ಬಾಯಿಂದ ಬಾಯಿಗೆ ಹೋಗುವ ಗಾಳಿಮಾತಿಗೆ ರೆಕ್ಕೆಪುಕ್ಕ ಹುಟ್ಟಬೇಕು. ಇಲ್ಲಿ ಆರು ಬಾಯಿಗಳಲ್ಲೂ ಒಂದೇ ಮಾತು, ಪಾಠ ಒಪ್ಪಿಸಿದ ಹಾಗೆ. ಹಾಗಾದರೆ ಇದು ತಾನಾಗಿ ಹಬ್ಬಿದ್ದಲ್ಲ. ಯಾವನೋ ಒಬ್ಬ ಮನೆಮನೆಗೆ ಹೋಗಿ ಬಿತ್ತಿದ್ದಾನೆ.

ವಿಡಿಯೊ ತೆಗೆದ ಜಯ ಮಾತ್ರ ಪೊಲೀಸರ ಕೈಗೆ ಸಿಕ್ಕಿರಲಿಲ್ಲ. ದಡಕ್ಕೆ ಎಳೆದಿಟ್ಟ ದೋಣಿಯ ಮರೆಯಲ್ಲಿ ಒಬ್ಬನೇ ಬಲೆ ಹೊಲಿಯುತ್ತ ಕೂತಿದ್ದ. ಡೆನಿಸ್ ಸ್ಪಾನರ್ ತೆಗೆದು ಅವನ ಮಣಿಕಟ್ಟಿಗೆ ಬೀಸಿದರು. ಎಲುಬು ಮುರಿದ ಸದ್ದು ಅವರಿಗೂ ಕೇಳಿಸಿತು. ಅವರಿಗೆ ಹೆದರಿಕೆಯಾಗಲಿಲ್ಲ, ಹಿತವಾಯಿತು. ಸ್ಪಾನರನ್ನು ಅವನ ಗಂಟಲಿಗೆ ಒತ್ತಿದರು.

"ಮಕ್ಕಳ ಕಳ್ಳ ಅಂತ ನಿನಗೆ ಹೇಳಿದ್ದು ಯಾರು?"

"ಅಯ್ಯೋ, ಎಲ್ಲರಿಗೂ ಗೊತ್ತುಂಟು ಮಾರಾಯ್ರೆ!" ಜಯ ಅಳುತ್ತಿದ್ದ. "ಹೆಗಲಲ್ಲಿ ಚೀಲ, ಮಕ್ಕಳಿಗೆ ಚಾಕಲೇಟು ಕೊಡ್ತಾನೆ, ಮನೆಯಲ್ಲಿ ಎಷ್ಟು ಮಕ್ಕಳು ಅಂತ ಕೇಳ್ತಾನೆ. ಆಚೆ ದಡದಲ್ಲಿ ಎರಡು ಮಕ್ಕಳು ಕಾಣೆಯಾಗಿದ್ದಾರೆ. ಪೊಲೀಸರಿಗೆ ಫೋನ್ ಮಾಡಿದ್ರೂ ಬರ್ಲಿಲ್ಲ."

ಏಳನೆಯ ಬಾಯಿಯಲ್ಲೂ ಅದೇ ಮಾತು.

"ಯಾರು ಹೇಳಿದ್ದು ಅಂತ ಕೇಳಿದೆ." ಸ್ಪಾನರ್ ಇನ್ನಷ್ಟು ಒಳಗೆ ಹೋಯಿತು.

"ದೇಯಿಯಕ್ಕ... ಆ ಹಸಿರು ಬಾಗಿಲಿನ ಮನೆ."

ದೇಯಿಗೆ ಎಪ್ಪತ್ತು ದಾಟಿರಬೇಕು. ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಡೆನಿಸ್ ಸ್ಪಾನರನ್ನು ಬೆನ್ನ ಹಿಂದೆ ಹಿಡಿದು ನಿಂತರು. ಮುದುಕಿ ಎಂದು ಕೈ ತಡೆಯುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು.

"ಬನ್ನಿ ಮಾಸ್ಟ್ರೆ, ಬಿಸಿಲಲ್ಲಿ ಎಂತಕೆ ನಿಂತದ್ದು? ನೀವು ಒಮ್ಮೆ ಬರ್ತೀರಿ ಅಂತ ನನಗೆ ಗೊತ್ತಿತ್ತು."

"ಮಕ್ಕಳ ಕಳ್ಳನ ವಿಷಯ ಜಯನಿಗೆ ಹೇಳಿದ್ದು ನೀವಾ?"

"ನಾನೇ. ಜಯನಿಗೆ ಮಾತ್ರ ಅಲ್ಲ, ಈ ಸಾಲಿನ ಎಲ್ಲ ಮನೆಗೂ ಹೇಳಿದ್ದೇನೆ. ಕೆಲವರಿಗೆ ಮೊದಲೇ ಗೊತ್ತಿತ್ತು." ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ಹೆಮ್ಮೆ ಇತ್ತು.

ಡೆನಿಸರ ಬೆರಳು ಕಬ್ಬಿಣದ ಸುತ್ತ ಬಿಗಿಯಾಯಿತು. "ಅದು ಸುಳ್ಳು. ಇಲ್ಲಿ ಯಾವ ಮಗುವೂ ಕಾಣೆಯಾಗಿಲ್ಲ."

"ಸುಳ್ಳಾ?" ದೇಯಿ ನಕ್ಕಳು. "ಗಾಳಿಮಳೆಗೆ ಕಡಲಿಗೆ ಇಳಿಯಬೇಡಿ ಅಂತ ಸರ್ಕಾರದವರು ಬಂದು ಕಾಗದ ನೋಡಿ ಓದ್ತಾರಲ್ಲ ಮಾಸ್ಟ್ರೆ, ಕನ್ನಡದಲ್ಲಿ? ಇದನ್ನೂ ಹಾಗೇ ಓದಿದ್ದು. ಕೊರಳಲ್ಲಿ ಕಾರ್ಡ್ ಬೇರೆ ಇತ್ತು. ಒಮ್ಮೆ ನನ್ನ ಗಂಡ ಆ ಕಾಗದದ ಮಾತು ಕೇಳದೆ ದೋಣಿ ಇಳಿಸಿದ್ರು. ಹೆಣ ಕೂಡ ಸಿಗ್ಲಿಲ್ಲ. ಮತ್ತೆ ನಾನು ಕಾಗದದಲ್ಲಿ ಇದ್ದದ್ದನ್ನು ನಂಬದೆ ಇರ್ಲಿಲ್ಲ."

"ಓದಿದವನ ಹೆಸರು ಹೇಳಿ."

ಜೇಬಿನಲ್ಲಿ ಫೋನು ಅದುರಿತು. ಮಾರ್ಸೆಲಿನ್. ಡೆನಿಸ್ ಎತ್ತಲಿಲ್ಲ. ಸ್ಪಾನರ್ ಬೆನ್ನ ಹಿಂದಿನಿಂದ ಮುಂದೆ ಬಂದಿತ್ತು. ದೇಯಿ ಅದನ್ನು ನೋಡಲೇ ಇಲ್ಲ. ಅವರ ಮುಖವನ್ನೇ ನೋಡುತ್ತಿದ್ದಳು, ಒಂದಿಷ್ಟು ಬೆರಗಿನಿಂದ.

"ಹೆಸರು ನನಗೆಂತ ಗೊತ್ತು ಮಾಸ್ಟ್ರೆ? ಮಾರ್ಚ್‌ನಲ್ಲಿ ಇದೇ ಜಗಲಿಯಲ್ಲಿ ಕೂತು ಆ ಕಾಗದ ಓದಿದ್ದು ನೀವು, ಅಂಥವನು ಬಂದ್ರೆ ಎಂತ ಮಾಡ್ತೀರಿ ಅಂತ ಕೇಳಿದ್ದು ನೀವು. ಹೊಡೆದು ಹಾಕ್ತೇವೆ ಅಂದಾಗ ಬರ್ಕೊಂಡು, 'ತುಂಬಾ ಉಪಕಾರ ಆಯ್ತು' ಅಂತ ಕೈಮುಗಿದು ಹೋದದ್ದೂ ನೀವೇ ಅಲ್ವಾ?"